ಉಪ್ಪಿನಕಾಯಿಯ ಉಪ್ಪು ‘ರುಚಿಗೆ ತಕ್ಕಷ್ಟು’ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮನೆಯಲ್ಲೇ ಆಹಾರವನ್ನು ಕೆಡದಂತೆ ಕಾಪಿಡುವ ಹಳೆಯ ವಿದ್ಯೆಗಳ ಬಗ್ಗೆ ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ನಾನು ಎರಡು ಸಲ ಓದಿದೆ. ಮೊದಲ ಸಲ ಓದಿದ್ದು ಸಂತೋಷದಿಂದ, ಎರಡನೆಯ ಸಲ ಓದಿದ್ದು ಪೆನ್ನು ಹಿಡಿದುಕೊಂಡು. ಮಾವಿನ ಮಿಡಿಯ ಕಾಲ ಶುರುವಾಗಿರುವ ಈ ಹೊತ್ತಿನಲ್ಲಿ ಇಂಥದೊಂದು ಬರಹ ಬಂದದ್ದು ಒಳ್ಳೆಯದೇ. ಆದರೆ ಅದರಲ್ಲಿ ಎರಡು ಮಾತುಗಳು ನನಗೆ ಒಪ್ಪಿಗೆಯಾಗಲಿಲ್ಲ. ಒಂದು, ಲೇಖನದ ಜೊತೆಗಿದ್ದ ಚೌಕಟ್ಟಿನಲ್ಲಿ ಮಿಡಿ ಉಪ್ಪಿನಕಾಯಿಯ ವಿಧಾನವನ್ನು ಕೊಡುತ್ತಾ ‘ಉಪ್ಪು: ರುಚಿಗೆ ತಕ್ಕಷ್ಟು’ ಎಂದು ಬರೆದದ್ದು. ಇನ್ನೊಂದು, ಇಂದಿನ ಸೊಸೆಯಂದಿರಿಗೆ ಒಂದು ಭರಣಿ ಉಪ್ಪಿನಕಾಯಿ ಹಾಕಲೂ ಬರುವುದಿಲ್ಲ ಎಂಬ ಕೊರಗು. ಮೊದಲನೆಯದು ಸಣ್ಣ ತಪ್ಪಿನಂತೆ ಕಂಡರೂ ನೂರಾರು ಮನೆಗಳ ಭರಣಿಯನ್ನು ಕೆಡಿಸಬಲ್ಲದು. ಎರಡನೆಯದು ಈ ವಿದ್ಯೆ ಯಾಕೆ ಮರೆಯಾಗುತ್ತಿದೆ ಎಂಬ ಪ್ರಶ್ನೆಗೆ ತಪ್ಪು ಉತ್ತರ. ಓದುಗರ ಪತ್ರಕ್ಕೆ ನೀವು ಕೊಡುವ ಜಾಗದ ಮಿತಿ ನನಗೆ ಗೊತ್ತಿದ್ದರೂ, ಅರ್ಧ ಹೇಳಿದ ವಿಧಾನದ ಬಗ್ಗೆ ದೂರುತ್ತಾ ನಾನೂ ಅರ್ಧ ಹೇಳಿ ನಿಲ್ಲಿಸುವುದು ಸರಿಯಲ್ಲವೆಂದು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಾನು ಸಾಗರ ತಾಲ್ಲೂಕಿನವನು, ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಪ್ರತಿವರ್ಷ ಒಂಬತ್ತನೆಯ ತರಗತಿಗೆ ಅಭಿಸರಣೆಯ ಪಾಠ ಮಾಡುವಾಗ ಉಪ್ಪಿನಕಾಯಿಯ ಉದಾಹರಣೆ ಕೊಡುವುದು ನನ್ನ ರೂಢಿಯಾಗಿತ್ತು: ಉಪ್ಪು ಬೆರೆಸಿದ ಮಿಡಿ ಒಳಗಿನ ನೀರನ್ನು ಬಿಟ್ಟು ಸುಕ್ಕುಗಟ್ಟುತ್ತದೆ, ಏಕೆಂದರೆ ನೀರು ಉಪ್ಪು ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಜೀವಕೋಶದ ಪೊರೆಯನ್ನು ದಾಟಿ ಹರಿಯುತ್ತದೆ. ಇಷ್ಟನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದ ನಾನು ಆ ಮೂವತ್ತೆರಡು ವರ್ಷಗಳಲ್ಲಿ ಒಂದೇ ಒಂದು ಮಿಡಿಗೂ ಉಪ್ಪು ಹಾಕಿದವನಲ್ಲ. ಅದು ಮನೆಯಲ್ಲಿ ತಾನಾಗಿ ಆಗುತ್ತಿದ್ದ ಕೆಲಸ. ಮಾಡುತ್ತಿದ್ದವರು ಮೊದಲು ತಾಯಿ, ಆಮೇಲೆ ಹೆಂಡತಿ. ನಾಲ್ಕು ವರ್ಷಗಳ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಅವಳು ಹಾಕಿಟ್ಟಿದ್ದ ಭರಣಿ ಮುಂದಿನ ದೀಪಾವಳಿಯವರೆಗೆ ಬಂತು. ಖಾಲಿ ಭರಣಿಯನ್ನು ತೊಳೆದು ಬೋರಲು ಹಾಕಿದ ದಿನ, ಬರುವ ವರ್ಷ ನಾನೇ ಹಾಕುತ್ತೇನೆಂದು ತೀರ್ಮಾನಿಸಿದೆ.

ಹಾಕಿಯೂ ಹಾಕಿದೆ. ನೂರರ ಲೆಕ್ಕದಲ್ಲಿ ಮಾರುವ ಮಿಡಿಯನ್ನು ಇನ್ನೂರು ತಂದು, ತೊಳೆದು, ಸಾರಿಗೆ ಹಾಕುವ ಹಾಗೆ ನಾಲಿಗೆಗೆ ಹಿತವೆನಿಸುವಷ್ಟು ಉಪ್ಪು ಬೆರೆಸಿ, ಎಂದಿನ ಭರಣಿಯಲ್ಲೇ ತುಂಬಿಟ್ಟೆ. ಹನ್ನೆರಡನೆಯ ದಿನ ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿ ಬೂಷ್ಟು, ಕೈಯಲ್ಲಿ ಹಿಡಿದರೆ ಮಿಡಿ ಬೆಣ್ಣೆಯಂತೆ ಮೆತ್ತಗೆ. ಶಿರಸಿಯ ಕಡೆ ಇರುವ ಅಕ್ಕನಿಗೆ ಫೋನು ಮಾಡಿದೆ. ಅವಳಿಗೆ ಆಗ ಎಪ್ಪತ್ತೊಂಬತ್ತು. “ಎಷ್ಟು ಉಪ್ಪು ಹಾಕಿದ್ದೆ?” ಎಂದಳು. ರುಚಿ ನೋಡಿ ಹಾಕಿದೆ ಎಂದೆ. ಸ್ವಲ್ಪ ಹೊತ್ತು ಆಚೆಯಿಂದ ಮಾತೇ ಬರಲಿಲ್ಲ. ಆಮೇಲೆ, “ತಮ್ಮಾ, ರುಚಿ ನೋಡಿ ಉಪ್ಪು ಹಾಕಲಿಕ್ಕೆ ಅದೇನು ಸಾರೇನೋ? ಇಷ್ಟು ವರ್ಷ ಮಕ್ಕಳಿಗೆ ಏನು ಪಾಠ ಮಾಡಿದೆ ಮಾರಾಯಾ?” ಎಂದಳು. ಆ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಿತ್ತು. ಇನ್ನೂರು ಮಿಡಿಯನ್ನೂ ತೆಂಗಿನ ಮರದ ಬುಡಕ್ಕೆ ಹಾಕಿದೆ.

ಮರುವರ್ಷ ಫಾಲ್ಗುಣದಲ್ಲಿ ಹದಿನೈದು ದಿನ ಅಕ್ಕನ ಮನೆಯಲ್ಲಿ ಉಳಿದು, ನೋಟ್‌ಪುಸ್ತಕ ಹಿಡಿದು ಅವಳ ಹಿಂದೆ ತಿರುಗಿದೆ. ಅಪ್ಪೆಮಿಡಿ ಎಂದರೆ ಏನೆಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಶರಾವತಿ, ಅಘನಾಶಿನಿ, ವರದಾ ಮುಂತಾದ ಹೊಳೆಗಳ ದಡದ ಕಾಡುಮರಗಳಲ್ಲಿ ಬಿಡುವ ಈ ಮಿಡಿಗೆ ಅದರದೇ ಪರಿಮಳವಿದೆ, ಈ ಸೀಮೆಯದೇ ವಿಶೇಷ ಬೆಳೆಯೆಂದು ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಇದೆ. ಅನಂತಭಟ್ಟನ ಅಪ್ಪೆ, ಜೀರಿಗೆ, ಮಾಳಂಜಿ, ಹಳದೋಟ ಎಂದು ಮರಮರಕ್ಕೂ ಹೆಸರು. ರಿಪ್ಪನ್‌ಪೇಟೆಯ ಸಂತೆಯಲ್ಲಿ ಮಿಡಿಯನ್ನು ಮೂಸಿ, ತೊಟ್ಟು ಮುರಿದು ಸೊನೆ ನೋಡಿ ಕೊಳ್ಳುವವರ ಮುಂದೆ ನಾನಿನ್ನೂ ಒಂದನೆಯ ತರಗತಿ. ಪರಿಮಳವೆಲ್ಲ ಇರುವುದು ಸೊನೆಯಲ್ಲಿ. ಆದ್ದರಿಂದ ಮಿಡಿಯನ್ನು ನೆಲಕ್ಕೆ ಉದುರಿಸದೆ ಬುಟ್ಟಿಯಲ್ಲಿ ಇಳಿಸಬೇಕು, ತೊಟ್ಟನ್ನು ಬುಡಕ್ಕೆ ಕೀಳದೆ ಅರ್ಧ ಇಂಚು ಉಳಿಸಿ ಕತ್ತರಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸೇರಿದರೂ ಅಲ್ಲಿಂದಲೇ ಕೊಳೆ ಶುರುವಾಗಿ ಅಕ್ಕಪಕ್ಕದ್ದನ್ನು ಹಾಳುಮಾಡುತ್ತದೆ.

ಅಕ್ಕನ ವಿಧಾನ ಹೀಗಿದೆ. ತೊಳೆದ ಮಿಡಿಯನ್ನು ಬಟ್ಟೆಯ ಮೇಲೆ ಹರಡಿ, ಒರೆಸಿ, ನೀರಿನ ಪಸೆ ಪೂರ್ತಿ ಆರಲು ಬಿಡುತ್ತಾಳೆ. ಬಿಸಿಲಿನಲ್ಲಿ ಕಾಯಿಸಿದ ಭರಣಿಯಲ್ಲಿ ಒಂದು ಪದರ ಹರಳುಪ್ಪು, ಒಂದು ಪದರ ಮಿಡಿ, ಹೀಗೆ ತುಂಬಿ ಮೇಲಿನ ಪದರ ಉಪ್ಪಿನದೇ ಇರುವಂತೆ ನೋಡಿಕೊಂಡು, ತಟ್ಟೆ ಮುಚ್ಚಿ ಅದರ ಮೇಲೆ ತೊಳೆದೊಣಗಿಸಿದ ಹೊಳೆಗಲ್ಲನ್ನು ಭಾರಕ್ಕೆ ಇಡುತ್ತಾಳೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಅಡಿಮೇಲು ಮಾಡುವುದುಂಟು. ಎರಡು ಮೂರು ದಿನಗಳಲ್ಲಿ ಮಿಡಿ ನೀರು ಬಿಡುತ್ತದೆ. ಹದಿನೈದು ದಿನಗಳ ಹೊತ್ತಿಗೆ ಅದು ಸುಕ್ಕುಗಟ್ಟಿ, ತನ್ನದೇ ಉಪ್ಪುನೀರಿನಲ್ಲಿ ಮುಳುಗಿರುತ್ತದೆ. ಆಗ ಆ ನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಬ್ಯಾಡಗಿ ಮೆಣಸಿನಕಾಯಿ, ಸಾಸಿವೆ, ಅರಿಸಿನಗಳನ್ನು ರುಬ್ಬಿ ಮಿಡಿಗೆ ಕಲಸುತ್ತಾಳೆ. ಬೇರೆ ನೀರಿನ ಒಂದು ಹನಿಯೂ ತಾಗುವಂತಿಲ್ಲ. ಮೇಲೆ ಹರಳೆಣ್ಣೆ ಸವರಿದ ಬಟ್ಟೆ ಹಾಸಿ ಭರಣಿಯ ಬಾಯಿ ಕಟ್ಟುತ್ತಾಳೆ.

ನೀರು ‘ಪೂರ್ತಿ ಆರಬೇಕು’ ಎಂದು ಅವಳು ಮೂರು ಸಲ ಹೇಳಿದಾಗ, ಬಿಸಿ ನೀರಿಗೆ ಕೈ ಸುಡುತ್ತದೆಂದು ಹೇಳುತ್ತಿದ್ದಾಳೆ ಅಂದುಕೊಂಡಿದ್ದೆ. ಆಮೇಲೆ ಯೋಚಿಸಿದರೆ ಕಾರಣ ಬೇರೆ. ಸಾಸಿವೆಯ ಘಾಟು ಒಡೆಯದ ಕಾಳಿನಲ್ಲಿ ಇರುವುದಿಲ್ಲ. ಕಾಳು ಒಡೆದು ನೀರು ಸೇರಿದಾಗ ಅದರೊಳಗಿನ ಕಿಣ್ವವೊಂದು ಕೆಲಸ ಮಾಡಿ ಅಲೈಲ್ ಐಸೋಥಯೋಸಯನೇಟ್ ಎಂಬ ರಾಸಾಯನಿಕವನ್ನು ಹುಟ್ಟಿಸುತ್ತದೆ, ಮೂಗಿಗೆ ಹೊಡೆಯುವುದೂ ಬೂಷ್ಟನ್ನು ತಡೆಯುವುದೂ ಅದೇ. ಕುದಿನೀರು ಹಾಕಿದರೆ ಕಿಣ್ವ ಸತ್ತು ಸಾಸಿವೆ ಸಪ್ಪೆಯಾಗುತ್ತದೆ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕನಿಗೆ ಆ ರಾಸಾಯನಿಕದ ಹೆಸರು ಬೇಕಾಗಿರಲಿಲ್ಲ, ನೀರು ಆರಬೇಕೆಂಬುದು ಗೊತ್ತಿತ್ತು. ಹೆಸರು ಗೊತ್ತಿದ್ದ ನನಗೆ ಅದು ಗೊತ್ತಿರಲಿಲ್ಲ.

ಇನ್ನು ಉಪ್ಪಿನ ಮಾತು. ಅವಳ ಅಳತೆ ನೂರು ಮಿಡಿಗೆ ಹಿತ್ತಾಳೆಯ ಒಂದು ಬಟ್ಟಲಿನಲ್ಲಿ ಎರಡು ಬಟ್ಟಲು, ಮಿಡಿ ದಪ್ಪವಿದ್ದರೆ ಮೇಲೊಂದು ಹಿಡಿ. ನಾನು ತಕ್ಕಡಿ ತರಿಸಿ ತೂಗಿದೆ. ಆ ವರ್ಷದ ನೂರು ಮಿಡಿ 1,600 ಗ್ರಾಂ, ಎರಡು ಬಟ್ಟಲು ಹರಳುಪ್ಪು 400 ಗ್ರಾಂಗಿಂತ ಸ್ವಲ್ಪ ಹೆಚ್ಚು. ಎಂದರೆ ಒಂದು ಕಿಲೋ ಮಿಡಿಗೆ 250 ಗ್ರಾಂ. ಈ ಅಳತೆ ಎಲ್ಲಿಂದ ಬಂತೆಂದು ಲೆಕ್ಕ ಹಾಕಲು ಕುಳಿತೆ. ಎಳೆಯ ಮಾವಿನಕಾಯಿಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗ ನೀರೇ ಇರುತ್ತದೆ. ಕಿಲೋಗೆ 800 ಗ್ರಾಂ ನೀರೆಂದೇ ಹಿಡಿಯೋಣ. ನಮ್ಮ ಮನೆಯ ತಾಪಮಾನದಲ್ಲಿ 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು, ಅದಕ್ಕಿಂತ ಹೆಚ್ಚಾದರೆ ಉಪ್ಪು ತಳದಲ್ಲಿ ಹಾಗೇ ಉಳಿಯುತ್ತದೆ. 800 ಗ್ರಾಂ ನೀರಿಗೆ ಅದು 288 ಗ್ರಾಂ ಆಯಿತು. ಅಕ್ಕನ 250 ಗ್ರಾಂ ಆ ಮಿತಿಗೆ ತೀರಾ ಹತ್ತಿರ, ಆದರೂ ಅದರ ಒಳಗೆ. ಹಾಕಿದ ಉಪ್ಪೆಲ್ಲ ಕರಗುತ್ತದೆ, ಕರಗಿದ ಮೇಲೆ ಆ ನೀರಿನಲ್ಲಿ ಉಪ್ಪಿನ ಪಾಲು ನೂರಕ್ಕೆ 24ರ ಆಸುಪಾಸು ಇರುತ್ತದೆ. ಅಷ್ಟು ಉಪ್ಪಿರುವ ಕಡೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಸಿಗುವುದಿಲ್ಲ. ಅದರ ಮೇಲೆ ಮಿಡಿಯ ಹುಳಿ ಬೇರೆ. ಮಾರಣಾಂತಿಕ ವಿಷವನ್ನು ಹುಟ್ಟಿಸುವ ಬಾಟ್ಯುಲಿಸಂ ಬ್ಯಾಕ್ಟೀರಿಯಾ ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ (ಹುಳಿ ಹೆಚ್ಚಿದಷ್ಟೂ ಪಿಎಚ್ ಅಂಕಿ ಇಳಿಯುತ್ತದೆ) ಬೆಳೆಯುವುದಿಲ್ಲ, ಮಾವಿನ ಮಿಡಿ ಅದಕ್ಕಿಂತ ಎಷ್ಟೋ ಹುಳಿ. ಉಪ್ಪುನೀರಿನಲ್ಲಿ ಮುಳುಗಿರುವುದರಿಂದ ಗಾಳಿ ಬೇಕಾದ ಬೂಷ್ಟಿಗೂ ಜಾಗವಿಲ್ಲ. ಹೀಗೆ ಮೂರು ನಾಲ್ಕು ಕಾವಲು ಸೇರಿ ಒಂದು ಭರಣಿ ವರ್ಷಗಟ್ಟಲೆ ಉಳಿಯುತ್ತದೆ. ರುಚಿಗೆ ತಕ್ಕಷ್ಟು ಉಪ್ಪೆಂದರೆ ಇದರ ಹತ್ತನೆಯ ಒಂದು ಭಾಗವೂ ಆಗದು.

ಬಟ್ಟಲಿನ ಅಳತೆಯಲ್ಲಿ ಇನ್ನೊಂದು ತೊಡಕೂ ಇದೆ. ಹರಳುಪ್ಪಿನ ಹರಳುಗಳ ನಡುವೆ ಗಾಳಿಯಿರುವುದರಿಂದ ಒಂದು ಬಟ್ಟಲು ಹರಳುಪ್ಪಿಗಿಂತ ಒಂದು ಬಟ್ಟಲು ಪುಡಿಯುಪ್ಪು ಹೆಚ್ಚು ತೂಗುತ್ತದೆ. ಅಜ್ಜಿಯ ಬಟ್ಟಲು ಮೊಮ್ಮಗಳ ಮನೆಗೆ ಹೋಗಿ ಅಲ್ಲಿ ಅದಕ್ಕೆ ಪೊಟ್ಟಣದ ಪುಡಿಯುಪ್ಪು ತುಂಬಿದರೆ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಕಾಪಿಡುವ ಯಾವ ಪದಾರ್ಥದ ವಿಧಾನವನ್ನು ಪ್ರಕಟಿಸುವಾಗಲೂ ಉಪ್ಪನ್ನು ತೂಕದಲ್ಲೇ ಕೊಡಬೇಕೆಂಬುದು ನನ್ನ ಮೊದಲ ಕೋರಿಕೆ.

ಇದು ಉಪ್ಪಿನಕಾಯಿಯೊಂದರ ಮಾತಲ್ಲ. ನಿಮ್ಮ ಲೇಖನದಲ್ಲಿ ಕಳಲೆಯ, ಎಂದರೆ ಎಳೆಬಿದಿರಿನ ಮೊಳಕೆಯ, ಹೆಸರೂ ಬಂದಿತ್ತು, ‘ಹೆಚ್ಚಿ ನೀರಿನಲ್ಲಿ ನೆನೆಸಿ’ ಎಂದಷ್ಟೇ ಇತ್ತು. ಎಳೆಬಿದಿರಿನಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿದೆ. ನಮ್ಮ ಮನೆಗಳಲ್ಲಿ ಮೂರು ದಿನ ದಿನವೂ ನೀರು ಬದಲಿಸಿ, ಆ ನೀರನ್ನು ದನಕರುಗಳ ಬಾಯಿಗೆ ಸಿಗದಂತೆ ಚೆಲ್ಲಿ, ಆಮೇಲೆ ಬೇಯಿಸುವುದು ಅದಕ್ಕಾಗಿಯೇ. ಅವಸರಕ್ಕೆ ಒಂದೇ ದಿನ ನೆನೆಸಿದವರು ಹೊಟ್ಟೆ ತೊಳಸಿಕೊಂಡ ಕಥೆಗಳು ಪ್ರತಿ ಊರಿನಲ್ಲೂ ಇವೆ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳನ್ನು ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಕಳೆದೆ. ಅಲ್ಲಿ ಕಂಡದ್ದು ಬೇರೆಯದೇ ಪಾಠ. ನಮ್ಮಲ್ಲಿ ಕಾಪಿಡುವುದು ನಾಲ್ಕು ತಿಂಗಳ ಮಳೆಗೆ ಹೆದರಿ, ಅಲ್ಲಿ ಕಾಪಿಡುವುದು ಮಳೆ ಬಾರದಿರುವುದಕ್ಕೆ ಹೆದರಿ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಹುಳ ಬೀಳದಂತೆ ಇಡುತ್ತಿದ್ದರು. ರಾಗಿಯನ್ನು ಹಗೇವಿನಲ್ಲಿ, ಎಂದರೆ ನೆಲದೊಳಗೆ ತೋಡಿದ ಧಾನ್ಯದ ಗುಂಡಿಯಲ್ಲಿ, ತುಂಬಿ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಳ ಕಾಲ ಕೆಡುತ್ತಿರಲಿಲ್ಲ. ಕಾಳುಗಳೇ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುವುದರಿಂದ ಅಲ್ಲಿ ಹುಳ ಬದುಕುವುದಿಲ್ಲ. ಹುಳ ಬದುಕದ ಕಡೆ ಮನುಷ್ಯನೂ ಬದುಕುವುದಿಲ್ಲ. ಹಗೇವು ತೆರೆದ ಮೇಲೆ ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗಿಳಿಸಿ, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಈ ಎಚ್ಚರವನ್ನು ಮರೆತು ಇಳಿದವರು ಹಗೇವಿನೊಳಗೇ ಉಸಿರುಗಟ್ಟಿ ಸತ್ತದ್ದುಂಟು. ಹಳೆಯ ವಿದ್ಯೆಯನ್ನು ಹೊಗಳಿ ಬರೆಯುವವರು ರಾಗಿ ಕೆಡದೆ ಉಳಿಯುವುದನ್ನು ಬರೆಯುತ್ತಾರೆ, ದೀಪದ ಮಾತನ್ನು ಬಿಡುತ್ತಾರೆ. ವಿದ್ಯೆಯಿರುವುದು ದೀಪದಲ್ಲಿ.

ಇನ್ನು ಸೊಸೆಯಂದಿರ ವಿಚಾರಕ್ಕೆ ಬರುತ್ತೇನೆ. ಲೇಖಕರ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ಐದು ವರ್ಷಗಳ ಹಿಂದೆ ನಾನೂ ಅದೇ ಮಾತನ್ನು ಆಡುತ್ತಿದ್ದೆ. ಆದರೆ ಸೊಸೆಗೆ ಬರುವುದಿಲ್ಲ ಎನ್ನುವಾಗ ಮಗನಿಗೆ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಒಂದು ಮನೆಯ ಅರ್ಧ ಜನರಿಗೆ ಮಾತ್ರ ಕಲಿಸಿದ ವಿದ್ಯೆ ಒಂದೇ ತಲೆಮಾರಿನಲ್ಲಿ ಕಡಿದುಹೋದರೆ ಅದರಲ್ಲಿ ಆಶ್ಚರ್ಯವೇನಿದೆ? ಹೆಣ್ಣುಮಕ್ಕಳು ಓದಿದರು, ಕೆಲಸಕ್ಕೆ ಹೋದರು, ಅದು ಆಗಬೇಕಾದದ್ದೇ. ಅವರು ಬಿಟ್ಟ ಕೆಲಸವನ್ನು ಕೈಗೆತ್ತಿಕೊಳ್ಳಲು ಗಂಡಸರು ಮುಂದೆ ಬರಲಿಲ್ಲ. ಹಲಸಿನ ಹಪ್ಪಳದ ದಿನಗಳನ್ನು ನೆನೆದು ನಾವು ಬಾಯಲ್ಲಿ ನೀರೂರಿಸಿಕೊಳ್ಳುತ್ತೇವೆ. ನನ್ನ ತಾಯಿಗೆ ಆ ದಿನಗಳ ಬಗ್ಗೆ ನೆನಪಿದ್ದದ್ದು ಬೆಳಗಿನ ಜಾವ ನಾಲ್ಕು ಗಂಟೆಗೆ ಸೊಳೆ ಬಿಡಿಸಲು ಕೂರುತ್ತಿದ್ದದ್ದು, ಕೈಗೆ ಅಂಟಿದ ಮೇಣ, ಒರಳಿನಲ್ಲಿ ಕುಟ್ಟಿ ಕುಟ್ಟಿ ಬೊಕ್ಕೆಯೆದ್ದ ಅಂಗೈ. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಹಪ್ಪಳದ ಡಬ್ಬಿ ಆಷಾಢದಲ್ಲೂ ಮೆತ್ತಗಾಗುತ್ತಿರಲಿಲ್ಲ, ನಿಜ. ಅದನ್ನು ಬೆಚ್ಚಗಿಟ್ಟ ಹೊಗೆಯೇ ಅವಳ ಕಣ್ಣು, ಎದೆಗಳನ್ನು ಕೆಡಿಸಿದ್ದೂ ನಿಜ. ಈಗ ಗ್ಯಾಸಿನ ಒಲೆಯಿದೆ, ಕಾಂಕ್ರೀಟಿನ ತಾರಸಿಯಿದೆ, ಹೊಗೆಯಟ್ಟವಿಲ್ಲ. ಅಜ್ಜಿ ಇಟ್ಟ ಜಾಗದಲ್ಲೇ ಡಬ್ಬಿ ಇಟ್ಟರೆ ಮಳೆಗಾಲದಲ್ಲಿ ಹಪ್ಪಳಕ್ಕೆ ಹಸಿರು ಬೂಷ್ಟು ಬರುತ್ತದೆ. ಗಾಳಿಯಾಡದ ಡಬ್ಬಿ ಬೇಕು, ಮಳೆಗಾಲದ ನಡುವೆ ಬಿಸಿಲು ಬಿದ್ದ ದಿನ ಮತ್ತೊಮ್ಮೆ ಒಣಗಿಸಬೇಕು. ಹೀಗೆ ಬದಲಾದ ಮನೆಗೆ ತಕ್ಕ ಹಾಗೆ ವಿಧಾನವನ್ನೂ ಬದಲಿಸಬೇಕಾದರೆ ಅದರ ಕಾರಣ ಗೊತ್ತಿರಬೇಕು, ಬರೇ ರೂಢಿಯ ನೆನಪು ಸಾಲದು.

ಲೇಖನದಲ್ಲಿ ಸ್ವಾವಲಂಬನೆ ಎಂಬ ಶಬ್ದವನ್ನು ಹಲವು ಸಲ ಬಳಸಲಾಗಿದೆ. ಯಾರ ಹಂಗೂ ಇಲ್ಲದೆ ಬದುಕುತ್ತಿದ್ದೆವು ಎಂಬ ಚಿತ್ರ ಅದರಿಂದ ಮೂಡುತ್ತದೆ. ನಮ್ಮ ಭರಣಿಯನ್ನೇ ನೋಡಿದರೆ ಹಾಗಿಲ್ಲ. ಮಿಡಿ ನಮ್ಮ ಹೊಳೆದಂಡೆಯದು. ಉಪ್ಪು ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಿಂದ ಘಟ್ಟ ಹತ್ತಿ ಬರುತ್ತಿತ್ತು. ಮೆಣಸಿನಕಾಯಿ ಬ್ಯಾಡಗಿಯ ಕಡೆಯದು. ಹಾಕುವವರು ಹಾಕುವ ಚಿಟಿಕೆ ಹಿಂಗು ಅಫ್ಘಾನಿಸ್ತಾನ, ಇರಾನುಗಳ ಕಡೆಯದು. ಮಿಡಿ ಕೊಯ್ಯಲು ಮರ ಹತ್ತುವವರು ಒಬ್ಬರು, ಬುಟ್ಟಿ ಹೆಣೆಯುವವರು ಇನ್ನೊಬ್ಬರು. ಒಂದು ಮನೆಯಲ್ಲಿ ಭರಣಿ ಕೆಟ್ಟರೆ ಪಕ್ಕದ ಮನೆಯಿಂದ ಒಂದು ಬಟ್ಟಲು ಬರುತ್ತಿತ್ತು, ಹಲಸಿನ ಹಪ್ಪಳಕ್ಕೆ ಕೇರಿಯವರೆಲ್ಲ ಸರದಿಯಲ್ಲಿ ಸೇರುತ್ತಿದ್ದರು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಜನ ಮನೆ ಕಳೆದುಕೊಂಡಾಗ ಉತ್ತರ ಕರ್ನಾಟಕದಿಂದ ಅಲ್ಲಿಗೆ ಜೋಳದ ರೊಟ್ಟಿ ಹೋಯಿತು. ಒಣಗಿಸಿದ ಕಟಕ್ ರೊಟ್ಟಿ ವಾರಗಟ್ಟಲೆ ಕೆಡದು ಎಂಬ ಒಂದು ಅಡುಗೆಮನೆಯ ತಿಳಿವಳಿಕೆ ಇನ್ನೊಂದು ಸೀಮೆಯವರ ಹೊಟ್ಟೆ ತುಂಬಿಸಿತು. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗಲೂ ನಮ್ಮ ಊರಿನಲ್ಲಿ ಪೇಟೆಗೆ ಹೋಗಲಾಗದೆ ಮೊದಲು ಕಂಗೆಟ್ಟವರು ನಮ್ಮಂಥ ಸಂಬಳದ ಮನೆಯವರು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯಾದ ಉಪ್ಪುಸೊಳೆ, ವಾಟೆಹುಳಿ, ಮುರುಗಲಿನ ಸಿಪ್ಪೆ, ಬಾಳೆನಾರಿನಲ್ಲಿ ಮಾಡಿಗೆ ತೂಗುಹಾಕಿದ ಸೌತೆಕಾಯಿ ಇದ್ದ ಮನೆಗಳು ನಮಗೂ ಕೊಟ್ಟು ತಾವೂ ಉಂಡವು.

ಈಗ ಕಲಿಯುವ ಆಸೆಯಿರುವ ಯುವಕ ಯುವತಿಯರು ಕಡಿಮೆಯಿಲ್ಲ. ಆದರೆ ಅವರಿಗೆ ಕಲಿಸುತ್ತಿರುವುದು ಮೊಬೈಲಿನ ವಿಡಿಯೊಗಳು. ಅದರಲ್ಲಿ ಅರ್ಧ ನಮ್ಮ ಹವೆಗೆ ಹೊಂದದವು, ಕೆಲವು ನಿಜಕ್ಕೂ ಅಪಾಯದವು. ಹೊರದೇಶದವರನ್ನು ನೋಡಿ ಬೀನ್ಸ್, ಬಟಾಣಿಗಳನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಮುಚ್ಚಿ, ನೀರಿನಲ್ಲಿ ಕುದಿಸಿ ಕಪಾಟಿನಲ್ಲಿಡುವವರನ್ನು ನಾನು ಕಂಡಿದ್ದೇನೆ. ಹುಳಿಯಿಲ್ಲದ ತರಕಾರಿಯಲ್ಲಿ ಬಾಟ್ಯುಲಿಸಂನ ಬೀಜಕಗಳು (ಆ ಬ್ಯಾಕ್ಟೀರಿಯಾದ ಗಟ್ಟಿ ಕವಚದ ರೂಪ) ಕುದಿಯುವ ನೀರಿನ 100 ಡಿಗ್ರಿಗೆ ಸಾಯುವುದಿಲ್ಲ, ಅದಕ್ಕೆ ಒತ್ತಡದಲ್ಲಿ 116ರಿಂದ 121 ಡಿಗ್ರಿಯ ಶಾಖವನ್ನು ನಿಗದಿತ ಹೊತ್ತು ಕೊಡಬೇಕು. ಗಾಳಿಯಿಲ್ಲದ ಬಾಟಲಿಯೊಳಗೆ ಬದುಕುಳಿದ ಬೀಜಕ ವಿಷ ಹುಟ್ಟಿಸಿದರೆ ಅದು ಕಣ್ಣಿಗೆ ಕಾಣದು, ಬಣ್ಣ ವಾಸನೆಗಳು ಸರಿಯಾಗಿಯೇ ಇರಬಹುದು. ಅಮೆರಿಕದಲ್ಲಿರುವ ನನ್ನ ಮಗಳು ಹೇಳುವಂತೆ, ಅಲ್ಲಿ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಕಚೇರಿಗಳು ಪರೀಕ್ಷಿಸಿದ ವಿಧಾನಗಳನ್ನು ಜನರಿಗೆ ಪುಕ್ಕಟೆಯಾಗಿ ಕೊಡುತ್ತವೆ. 1914ರ ಒಂದು ಕಾನೂನಿನಿಂದ ಹುಟ್ಟಿದ ವ್ಯವಸ್ಥೆಯಂತೆ ಅದು. ಅವರ ವಿಧಾನ ನಮಗೆ ಬೇಡ, ಅವರ ಅಚ್ಚುಕಟ್ಟು ಬೇಕು. 1950ರಿಂದ ಮೈಸೂರಿನಲ್ಲಿ ಆಹಾರ ಸಂಶೋಧನೆಗೆಂದೇ ಕೇಂದ್ರ ಸಂಸ್ಥೆಯಿದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನವನ್ನು ಕಲಿಸುವ ಮಹಾವಿದ್ಯಾಲಯವಿದೆ. ಸರ್ಕಾರದ ನೆರವಿನ ಯೋಜನೆಗಳು ಬಹುಮಟ್ಟಿಗೆ ಉಪ್ಪಿನಕಾಯಿ ಮಾಡಿ ಮಾರುವವರಿಗೆ ಇವೆ, ಮಾಡಿಕೊಂಡು ಉಣ್ಣುವವರಿಗೂ ಸ್ವಲ್ಪ ಗಮನ ಬೇಕು. ಮಿಡಿ, ಉಪ್ಪುಸೊಳೆ, ಕಳಲೆ, ಬಾಳಕದ ಮೆಣಸು (ಉಪ್ಪು ಹಾಕಿ ಒಣಗಿಸಿದ ಮೆಣಸಿನಕಾಯಿ), ರಂಜಕ (ಕೆಂಪು ಮೆಣಸಿನಕಾಯಿಯ ಚಟ್ನಿ), ಹಪ್ಪಳ, ಸಂಡಿಗೆ ಇಷ್ಟಕ್ಕೆ ತೂಕ, ಉಪ್ಪಿನ ಪ್ರಮಾಣ, ಒಣಗಿಸುವ ಹದ, ಇಡಬಹುದಾದ ಅವಧಿ, ಎಸೆಯಬೇಕಾದ ಲಕ್ಷಣ ಇವನ್ನೆಲ್ಲ ಪರೀಕ್ಷಿಸಿ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಮಾಡುವುದು ಇಂಥ ಸಂಸ್ಥೆಗಳಿಗೆ ದೊಡ್ಡ ಕೆಲಸವಲ್ಲ.

ಶಾಲೆಗಳಲ್ಲೂ ಇದಕ್ಕೆ ಜಾಗವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರೆಗಿನ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು ಊರಿನ ಬಡಗಿ, ಕುಂಬಾರ, ತೋಟಗಾರರಂಥವರಿಂದ ಕಲಿಯಬೇಕೆಂದು ಹೇಳುತ್ತದೆ. ಆ ನೀತಿಯ ಬಗ್ಗೆ ಬೇರೆ ತಕರಾರುಗಳು ಏನೇ ಇರಲಿ, ಈ ಹತ್ತು ದಿನಗಳ ಮಾತು ಒಳ್ಳೆಯದು, ಅದರಲ್ಲಿ ಒಂದು ದಿನ ಊರಿನ ಅಜ್ಜಿಯರಿಗೆ ಸಿಗಲಿ. ಮಿಡಿಯ ಕಾಲವೂ ಪರೀಕ್ಷೆಯ ಕಾಲವೂ ಒಟ್ಟಿಗೇ ಬರುತ್ತವೆಂದು ನನ್ನ ಹಳೆಯ ಸಹೋದ್ಯೋಗಿಗಳು ಹೇಳಿಯೇ ಹೇಳುತ್ತಾರೆ. ಹಾಗಾದರೆ ಕಾರ್ತಿಕದ ನೆಲ್ಲಿಕಾಯಿಯಿದೆ, ಕಂಚಿಕಾಯಿಯಿದೆ. ನಾನೇ ಕಳೆದ ನವೆಂಬರಿನಲ್ಲಿ ಹತ್ತಿರದ ಶಾಲೆಯೊಂದರಲ್ಲಿ ಅನುಮತಿ ಪಡೆದು ಎಂಟನೆಯ ತರಗತಿಯ ಮಕ್ಕಳಿಗೆ ನೆಲ್ಲಿಕಾಯಿಯನ್ನು ಉಪ್ಪಿನಲ್ಲಿ ಹಾಕಿಸಿದೆ. ಮೂರು ಬಾಟಲಿಗಳಲ್ಲಿ ಬೇರೆ ಬೇರೆ ತೂಕದ ಉಪ್ಪು, ಮೇಲೆ ಚೀಟಿ, ವಾರಕ್ಕೊಮ್ಮೆ ನೋಡಿ ಬರೆಯುವುದು. ಕಡಿಮೆ ಉಪ್ಪಿನ ಬಾಟಲಿಗೆ ಬೂಷ್ಟು ಬಂದ ದಿನ ತರಗತಿಯಲ್ಲಿ ಎದ್ದ ಗದ್ದಲ ನನ್ನ ಮೂವತ್ತೆರಡು ವರ್ಷಗಳ ಅಭಿಸರಣೆಯ ಪಾಠಕ್ಕೆ ಒಮ್ಮೆಯೂ ಎದ್ದಿರಲಿಲ್ಲ. ಉಪ್ಪು ತೂಗುವ ಕೆಲಸಕ್ಕೆ ಹೆಚ್ಚು ನೂಕುನುಗ್ಗಲು ಮಾಡಿದವರು ಹುಡುಗರು ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಉಪ್ಪು ಇಷ್ಟೊಂದು ಹಾಕಿದರೆ ರಕ್ತದೊತ್ತಡದ ಗತಿಯೇನೆಂದು ಕೇಳುವವರಿದ್ದಾರೆ. ನನಗೂ ಒತ್ತಡದ ಮಾತ್ರೆಯಿದೆ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕಾಗಿ ನಾನು ಭರಣಿಯ ಉಪ್ಪನ್ನು ಇಳಿಸಿಲ್ಲ, ಎಲೆಯ ಮೇಲಿನ ಮಿಡಿಯನ್ನು ಅರ್ಧ ಮಾಡಿಕೊಂಡಿದ್ದೇನೆ. ಉಪ್ಪು ಕಡಿಮೆಯಿರುವ ಉಪ್ಪಿನಕಾಯಿಯೇ ಬೇಕೆನ್ನುವವರು ಅದನ್ನು ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸುವುದು ಒಳ್ಳೆಯದು. ಅದು ತಾಜಾ ಅಡುಗೆಯ ಲೆಕ್ಕ, ವರ್ಷದ ಭರಣಿಯ ಲೆಕ್ಕವಲ್ಲ.

ಕೊನೆಯದಾಗಿ, ಇದು ತಡಮಾಡಬಾರದ ವಿಚಾರವಾದ್ದರಿಂದ, ಆ ಚೌಕಟ್ಟಿನ ವಿಧಾನಕ್ಕೆ ನಿಮ್ಮ ಮುಂದಿನ ಸಂಚಿಕೆಯಲ್ಲೇ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಅದನ್ನು ನಂಬಿ ಈಗಾಗಲೇ ಮಿಡಿ ಹಾಕಿದವರು ಇವತ್ತೇ ಭರಣಿ ತೆರೆದು ನೋಡಲಿ. ಹಾಕಿ ಎರಡು ಮೂರು ದಿನವಷ್ಟೇ ಆಗಿದ್ದು, ಮಿಡಿ ಗಟ್ಟಿಯಾಗಿ, ಬೂಷ್ಟಾಗಲಿ ಕೆಟ್ಟ ವಾಸನೆಯಾಗಲಿ ಇಲ್ಲದಿದ್ದರೆ, ಕಿಲೋ ಮಿಡಿಗೆ ಒಟ್ಟು 250 ಗ್ರಾಂ ಆಗುವಷ್ಟು ಹರಳುಪ್ಪನ್ನು ತೂಗಿ ಸೇರಿಸಿ, ಒಣಗಿದ ಸೌಟಿನಿಂದ ಅಡಿಮೇಲು ಮಾಡಿ, ಮಿಡಿ ನೀರಿನ ಮೇಲೆ ತೇಲದಂತೆ ಭಾರ ಇಡಲಿ. ಬೂಷ್ಟು ಬಂದಿದ್ದರೆ ಮೇಲಿನದನ್ನು ಮಾತ್ರ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳುವ ಆಸೆ ಬೇಡ, ಎಲ್ಲವನ್ನೂ ಎಸೆದು, ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಇಡಲಿ. ಮಿಡಿ ಇನ್ನೂ ಮೂರು ವಾರ ಸಂತೆಗೆ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ